ಹತ್ತಿ ಕಾಟಾದ ಮೇಲಿನ ಮುಷ್ಟಿಮಲ್ಲರು

ತೂಕದ ಕಾಟಾದ ಮುಂದೆ ಕೂತವನು ನಗೆಯ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಒಂದೊಂದಾಗಿ ಬಂದು ತೂಗಿಸಿಕೊಂಡು ಹೋಗುತ್ತವೆ. ನಾನು ಗದಗಿನ ಹತ್ತಿ ಪೇಟೆಯಲ್ಲಿ ತೂಕ ಮಾಡುವವನಾಗಿದ್ದೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಆ ವರ್ಷಗಳಲ್ಲಿ ಹತ್ತಿಯ ಜೊತೆಗೆ ಮನುಷ್ಯರನ್ನೂ ತೂಗಿದೆ. ಹತ್ತಿ ಎಂದೂ ತಕರಾರು ಮಾಡಲಿಲ್ಲ.

ನಮ್ಮದು ಗುಡಿಯ ಸೇವೆಯ ಮನೆತನ. ಅಪ್ಪ ತೀರ್ಥ ಕೊಟ್ಟರೆ ಸಾವುಕಾರನ ಅಂಗೈಗೂ ಹಮಾಲನ ಅಂಗೈಗೂ ಒಂದೇ ಅಳತೆ. ಆ ಕೈಗುಣ ಮಗನಿಗೂ ಬಂದಿರಬೇಕೆಂದು ಪೇಟೆಯವರು ನನ್ನನ್ನು ಕಾಟಾದ ಮುಂದೆ ಕೂರಿಸಿದರು. ಕೈಗುಣ ಬಂದಿದ್ದು ಖರೆ, ಆದರೆ ಮನಸ್ಸು ಕೈಯ ಜೊತೆ ಕೂರುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಪೇಟೆಯ ತುಂಬ ಅರಳೆಯ ಎಳೆಗಳು ತೇಲುತ್ತಿದ್ದವು. ಬಿಸಿಲಿನಲ್ಲಿ ಬೆಳ್ಳಗೆ ಹೊಳೆದು, ನೆರಳಿಗೆ ಬಂದೊಡನೆ ಮಾಯವಾಗಿ, ಮತ್ತೆಲ್ಲೋ ಕಾಣಿಸಿಕೊಳ್ಳುತ್ತಿದ್ದವು. ಒಂದು ಎಳೆಯನ್ನು ಕಣ್ಣಿನಿಂದ ಹಿಡಿದು, ಅದು ನೆಲ ಮುಟ್ಟುವವರೆಗೆ ಬಿಡದಿರುವುದು ನನ್ನ ಆಟ. ಅಷ್ಟರಲ್ಲಿ ಹತ್ತು ಅಂಡಿಗೆ ಹತ್ತಿಯ ತೂಕ ಮುಗಿದಿರುತ್ತಿತ್ತು. ಅಂಡಿಗೆ ಏರಿಸು, ಗುಂಡು ಜರುಗಿಸು, ಚೀಲದ್ದು ಕಳೆ, ಕೂಗು, ಇಳಿಸು. ಈ ಕೆಲಸಕ್ಕೆ ನನ್ನ ಕೈಗೂ ಬಾಯಿಗೂ ನನ್ನ ಅಗತ್ಯವೇ ಇರಲಿಲ್ಲ.

"ಊಟಕ್ಕ ಕುಂತಾಗರ ಮನಿಗೆ ಬರ್ರಿ" ಎಂದು ನನ್ನ ಹೆಂಡತಿ ನನ್ನ ಎದುರಿಗೇ ಕೂತು ಹೇಳುತ್ತಿದ್ದಳು.

೧. ಇಬ್ಬರು ಗುರುಗಳು

ಮುಳಗುಂದದವರೊಬ್ಬರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾಗಿ ಬಂದರು. ಬರುವಾಗ ಒಂದು ಟ್ರಂಕು, ಒಂದು ಸೀಟಿ ಮತ್ತು ನಾಲ್ಕು ಜೊತೆ ಬಾಕ್ಸಿಂಗ್ ಕೈಗವಸು ತಂದಿದ್ದರು. ಬೆಟಗೇರಿಯಲ್ಲಿ ಮುಚ್ಚಿ ಬಿದ್ದಿದ್ದ, ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನ ಷೆಡ್ಡಿನೊಳಗೆ ಹಗ್ಗ ಕಟ್ಟಿ ಬಾಕ್ಸಿಂಗ್ ಕಲಿಸತೊಡಗಿದರು. ಷೆಡ್ಡಿನ ಗೋಡೆಗೆ ಅಂಟಿಕೊಂಡೇ ಹಳೆಯ ಗರಡಿ ಮನೆ. ಅಲ್ಲಿಯ ಉಸ್ತಾದರು ಗೋಡೆಯ ಆಚೆಯಿಂದ ಮೊದಲ ದಿನವೇ ವಾದ ಶುರು ಮಾಡಿದರು.

"ಕುಸ್ತಿ ಇರ್ಲಿ, ಬಾಕ್ಸಿಂಗ್ ಇರ್ಲಿ, ಮೈ ಇದ್ದಾಂವ ಗೆಲ್ತಾನ. ಆನಿಗೆ ಯಾರರ ಚಳಕಾ ಕಲಿಸ್ಯಾರೇನು?"

"ಆನಿ ಸೊಂಡ್ಲಾಗ ಇರುವಿ ಹೊಕ್ಕಿದ್ದು ನೋಡೀರೇನು?" ಎಂದರು ಹವಾಲ್ದಾರರು. "ಚಳಕ ಇದ್ದಾಂವ ಒಂದು ವರ್ಗ ಮ್ಯಾಲ ಹೋಗಿ ಆಡಿದ್ರೂ ಚಳಕ ಅಷ್ಟ ಇರ್ತೈತಿ."

"ಹೊಡ್ತಾನೂ ಒಂದು ವರ್ಗ ಮ್ಯಾಲಿಂದ ಬೀಳ್ತಾವಲ್ರಿ!"

ವರ್ಗವೆಂದರೆ ತೂಕದ ವರ್ಗ. ಬಾಕ್ಸಿಂಗಿನಲ್ಲಿ ಐವತ್ನಾಲ್ಕು ಕಿಲೋದೊಳಗಿನವರು ಒಂದು ಗುಂಪು, ಐವತ್ತೇಳರೊಳಗಿನವರು ಇನ್ನೊಂದು, ಅರವತ್ತರವರು ಮತ್ತೊಂದು. ಇದಕ್ಕೆ ಕಾಟಾ ಬೇಕು. ಗದಗಿನಲ್ಲಿ ನಂಬುವಂಥ ಕಾಟಾ ಎಂದರೆ ಹತ್ತಿ ಪೇಟೆಯದು, ನಂಬುವಂಥ ಕೈ ಎಂದರೆ ನನ್ನದು. ರವಿವಾರಕ್ಕೊಮ್ಮೆ ಪೇಟೆಯ ಒಂದು ಹೆಚ್ಚಿನ ಕಾಟಾ ಕೈಗಾಡಿಯಲ್ಲಿ ಷೆಡ್ಡಿಗೆ ಬರತೊಡಗಿತು, ಅದರ ಹಿಂದೆ ನಾನು.

ಹವಾಲ್ದಾರರ ಪಟ್ಟಶಿಷ್ಯ ಬೆಟಗೇರಿಯ ಒಬ್ಬ ನೇಕಾರ. ಇಪ್ಪತ್ಮೂರು ವರ್ಷದ, ಮಾತು ಕಡಿಮೆಯ ಮನುಷ್ಯ. ಮಗ್ಗಕ್ಕೆ ನೂಲು ಸಿಗದ ದಿನಗಳು ಹೆಚ್ಚಾಗಿದ್ದವು. ದೂರದ ಊರಿನ ಒಂದು ಗಿರಣಿಯವರು ತಮ್ಮ ಬಾಕ್ಸಿಂಗ್ ತಂಡಕ್ಕೆ ಐವತ್ನಾಲ್ಕು ಕಿಲೋದವನೊಬ್ಬ ಬೇಕು, ಗೆದ್ದವನಿಗೆ ಕಾಯಂ ನೌಕರಿ ಎಂದು ಹವಾಲ್ದಾರರಿಗೆ ಹೇಳಿ ಕಳಿಸಿದ್ದರು. ನೇಕಾರನ ಕನಸೆಲ್ಲ ಆ ಒಂದು ಜಾಗದ ಮೇಲೆ. ನನ್ನ ಕಾಟಾದ ಮೇಲೆ ಅವನು ಐವತ್ಮೂರೂವರೆ. ಪ್ರತಿ ರವಿವಾರ ಕಣ್ಣು ಮುಚ್ಚಿ ಏರುತ್ತಿದ್ದ, ನಾನು ಕೂಗಿದ ಮೇಲೆಯೇ ಕಣ್ಣು ಬಿಡುತ್ತಿದ್ದ.

ವಾದ ತೀರಿಸಲು ಒಂದು ದಿನ ಉಸ್ತಾದರು ತಮ್ಮ ದೊಡ್ಡ ಪೈಲ್ವಾನನನ್ನು ಕಳಿಸಿದರು. ಅವನ ಕೈಗೆ ಗವಸು ಕಟ್ಟಿ ನೇಕಾರನ ಎದುರು ನಿಲ್ಲಿಸಿದರು. ನೇಕಾರ ಮೂರು ಸಲ ಅವನ ಮೂಗಿಗೆ ತಟ್ಟಿ ಮೂರು ಸಲವೂ ತಪ್ಪಿಸಿಕೊಂಡ. ಹವಾಲ್ದಾರರು ಮೀಸೆ ತಿರುವಿದರು. ನಾಲ್ಕನೆಯ ಸಲ ಪೈಲ್ವಾನನಿಗೆ ರೂಢಿ ನೆನಪಾಯಿತು. ನೇಕಾರನನ್ನು ಟೊಂಕ ಹಿಡಿದು ಎತ್ತಿ, ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತುಬಿಟ್ಟ. ಹವಾಲ್ದಾರರು ಎಷ್ಟು ಸೀಟಿ ಊದಿದರೂ ಏಳಲಿಲ್ಲ.

"ಎರಡೂ ಭುಜಾ ನೆಲಕ್ಕ ಹತ್ಯಾವು, ಇನ್ನೇನ ಬೇಕ್ರಿ?" ಎಂದ.

ಕೆಳಗಿನಿಂದ ಸಣ್ಣ ದನಿ ಬಂತು: "ಹವಾಲ್ದಾರ್ರ, ಚಳಕಾ ಇನ್ನೂ ಐತ್ರಿ. ಇಂವಾ ಎದ್ದ ಮ್ಯಾಲ ತೋರಸ್ತೀನಿ."

೨. ಉಸ್ತಾದರ ಎಮ್ಮೆ

ಉಸ್ತಾದರು ಮೈಯ ಮಹಿಮೆ ಸಾಬೀತು ಮಾಡಲು ತಾವೇ ಒಂದು ರವಿವಾರ ಕಾಟಾ ಏರಿದರು. "ಮದಿವ್ಯಾದಾಗ ಎಂಬತ್ತೈದು, ಈಗೂ ಎಂಬತ್ತೈದು. ಕೂಗಪಾ, ಎಲ್ಲಾರೂ ಕೇಳ್ಲಿ" ಎಂದರು.

ಷೆಡ್ಡಿನ ಮಾಡಿನಲ್ಲಿ ಹಳೆಯ ಅರಳೆಯ ಎಳೆಯೊಂದು ಜೇಡನ ಬಲೆಯಿಂದ ಬಿಡಿಸಿಕೊಂಡು ಇಳಿಯುತ್ತಿತ್ತು. ಅದನ್ನು ನೋಡುತ್ತಲೇ ನಾನು ಕೂಗಿದೆ: "ಎಂಬತ್ತೆರಡು!"

ಉಸ್ತಾದರ ಮುಖ ನೋಡಲಾಗಲಿಲ್ಲ. ಮೂರು ಕಿಲೋ ಎಲ್ಲಿ ಹೋಯಿತು? ಮುಪ್ಪು ತಿಂದಿತೆಂದು ಅವರ ತೀರ್ಮಾನ. ಮರುವಾರವೇ ಮನೆಗೆ ಎಮ್ಮೆ ಬಂತು. ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೊರೆಹಾಲು. ಒಂದು ವರ್ಷ ಕುಡಿದು, ನನ್ನ ಬಾಯಿಯಿಂದ "ಎಂಬತ್ತೈದು" ಕೇಳಿದ ದಿನ ಅವರು ನನಗೆ ಪೇಢೆ ತಿನ್ನಿಸಿದರು. ಎಮ್ಮೆಗೆ ಹೂವಿನ ಹಾರ ಹಾಕಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಹತ್ತಿರ ಹೇಳಿಕೊಂಡರು: "ಹಾರಾ ಹಾಕಿದ್ರ ಹಾಕ್ಲಿ ಬಿಡ್ರಿ. ಆದ್ರ ಅದನ್ನ ಕರ್ಯೂವಾಗ ನನ್ನ ಹೆಸರು ಬಾಯಾಗ ಬರತೈತಿ, ನನ್ನ ಕರ್ಯೂವಾಗ ಅದರದ್ದು."

೩. ಒಂದು ಕಿಲೋ ಇಳಿಸಿದ್ದು

ಲಕ್ಷ್ಮೇಶ್ವರದವನೊಬ್ಬ ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತ ಷೆಡ್ಡಿಗೆ ಬಂದು ಬಾಕ್ಸಿಂಗ್ ಕಲಿಯುತ್ತಿದ್ದ. ನೇಕಾರನಿಗೆ ದಿನದ ಜೋಡಿ ಅವನೇ. ಶಿರಹಟ್ಟಿಯಲ್ಲಿ ಒಂದು ಪಂದ್ಯವಿತ್ತು. ಖಾನಾವಳಿಯವನು ನನ್ನ ಕಾಟಾದ ಮೇಲೆ ಐವತ್ತೆಂಟು, ಆಡಬೇಕಾದ್ದು ಐವತ್ತೇಳರಲ್ಲಿ. ಒಂದು ಕಿಲೋ ಇಳಿಸಬೇಕು.

"ಮೈಮ್ಯಾಲ ಕಂಬಳಿ ಹೊತಗೊಂಡು ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಓಡಿ ಬಾ. ಒಂದು ಕಿಲೋ ಬೆವರಿನಾಗ ಹೋಗ್ತೈತಿ" ಎಂದರು ಹವಾಲ್ದಾರರು.

ಉಪಾಯ ಚೆನ್ನಾಗಿತ್ತು. ಆದರೆ ಮಿಲಿಟರಿಯವರು ಹಾಕಿದ ಲೆಕ್ಕದಲ್ಲಿ ನಮ್ಮ ಸೀಮೆಯ ಬೀಗರು ಸೇರಿರಲಿಲ್ಲ. ಮೊದಲ ಊರಿನ ಅಗಸಿಯಲ್ಲಿ ಇವನ ಅಕ್ಕ ನೀರಿಗೆ ಬಂದಿದ್ದಳು. ಬೇಸಿಗೆಯಲ್ಲಿ ಕಂಬಳಿ ಹೊದ್ದು ಓಡುವ ತಮ್ಮನನ್ನು ಕಂಡು, ಜ್ವರ ಬಂದಿದೆಯೆಂದು ಹೌಹಾರಿ ಮನೆಗೆ ಎಳೆದೊಯ್ದು ಹೋಳಿಗೆ ಹಾಕಿದಳು. ಮುಂದಿನ ಊರಿನಲ್ಲಿ ಅತ್ತೆಯ ಮನೆ. "ಅಕ್ಕನ ಮನ್ಯಾಗ ಉಂಡಿ, ನಮ್ಮನಿ ಹೊಸ್ತಿಲಾ ತುಳಿಲಾಕ ಏನ ಧಾಡಿ?" ಎಂದು ಅವರೂ ಹೋಳಿಗೆ ಹಾಕಿದರು. ಅಷ್ಟರಲ್ಲಿ ಹೊಲದಲ್ಲಿದ್ದ ಮಾವನಿಗೆ ಖಬರ ಹೋಗಿ, ಆತ ದಾರಿಗೇ ಬುತ್ತಿ ಹಿಡಿದು ನಿಂತಿದ್ದ. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ರೂಢಿ ಆ ದಾರಿಯಲ್ಲಿ ಯಾವ ಮನೆಗೂ ಇಲ್ಲ. ಶಿರಹಟ್ಟಿ ಮುಟ್ಟಿ, ಅಲ್ಲಿಗೆ ಒಯ್ದಿದ್ದ ನನ್ನ ಕಾಟಾ ಏರಿದಾಗ ನಾನು ಕೂಗಿದೆ: "ಐವತ್ತೊಂಬತ್ತೂವರೆ!" ಒಂದು ಕಿಲೋ ಇಳಿಸಲು ಹೊರಟವನು ಒಂದೂವರೆ ಏರಿಸಿಕೊಂಡು ಬಂದಿದ್ದ.

ಹೀಗಾಗಿ ಅರವತ್ತರ ವರ್ಗಕ್ಕೇ ನಿಲ್ಲಬೇಕಾಯಿತು. ಎದುರಾಳಿ ಗದಗಿನವನು, ನಿಜವಾಗಿ ಅದಕ್ಕೂ ಮೇಲಿನ ವರ್ಗದ ಆಳು. ಹಿಂದಿನ ತಿಂಗಳು ನನ್ನ ಕಾಟಾದ ಮೇಲೆ ಅರವತ್ತೆರಡು ತೂಗಿದ್ದವನು ಮೂರು ದಿನ ಬರೀ ನಿಂಬೆಹಣ್ಣಿನ ನೀರು ಕುಡಿದು ಅರವತ್ತಕ್ಕೆ ಇಳಿದಿದ್ದ. "ದೊಡ್ಡ ಮೈ ಗೆಲ್ತೈತಿ" ಎಂದರು ಉಸ್ತಾದರು. "ಚಳಕಾ" ಎಂದರು ಹವಾಲ್ದಾರರು. ಗಂಟೆ ಹೊಡೆಯಿತು. ಇಬ್ಬರೂ ಹತ್ತಿರ ಬಂದರು. ಖಾನಾವಳಿಯವನು ತಡೆಯಲಾರದೆ ಒಂದು ತೇಗು ಬಿಟ್ಟ. ತುಪ್ಪ, ಏಲಕ್ಕಿ, ಬೆಲ್ಲದ ವಾಸನೆ. ಗದಗಿನವನ ಕೈಗಳು ತಾವೇ ಕೆಳಗಿಳಿದವು, ಕಣ್ಣು ಅರ್ಧ ಮುಚ್ಚಿದವು. ಖಾನಾವಳಿಯವನು ಮೆಲ್ಲಗೆ ಒಂದು ಕೊಟ್ಟ. ಅವನು ಹಾಯಾಗಿ ಅಂಗಾತ ಮಲಗಿದ.

ಪಂಚರೂ ಆಗಿದ್ದ ಹವಾಲ್ದಾರರು ಬಗ್ಗಿ ಎಣಿಸತೊಡಗಿದರು. ಒಂಬತ್ತಕ್ಕೆ ಅವನು ಕಣ್ಣು ಬಿಟ್ಟ. ಏಳುತ್ತಾನೆಂದು ಎಲ್ಲರೂ ಉಸಿರು ಹಿಡಿದರು. ಅವನು ಖಾನಾವಳಿಯವನ ಕಡೆ ತಿರುಗಿ ಕೇಳಿದ: "ಹೂರಣದ್ದೋ, ಶೇಂಗಾದ್ದೋ?"

೪. ಮಾಗಡಿ ಕೆರೆ

ಚಳಿಗಾಲದಲ್ಲಿ ಒಂದು ಮುಂಜಾನೆ ಹವಾಲ್ದಾರರು ನಮ್ಮನ್ನೆಲ್ಲ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಕರೆದೊಯ್ದರು. ಕಾಲಿನ ಚಲನೆಯನ್ನು ಹಕ್ಕಿಗಳಿಂದ ಕಲಿಯಬೇಕೆಂದು ಅವರ ಹಟ. ಉಸ್ತಾದರೂ ಬಂದರು, ವಾದಕ್ಕೆ ಆಳು ಬೇಕಲ್ಲ.

ಕೆರೆಯ ಮೇಲೆ ಮಂಜು ಹಾಸಿತ್ತು. ಮಂಜಿನೊಳಗಿಂದ ಸಾವಿರ ಹಕ್ಕಿಗಳ ಗುಜುಗುಜು. ಎಲ್ಲಿಂದಲೋ ಹಿಮದ ನಾಡಿನಿಂದ ಬರುವ ದೊಡ್ಡ ಬಾತುಗಳು ನೀರಿನ ಮೇಲೆ ಮೋಡದ ತುಂಡುಗಳ ಹಾಗೆ ನಿಂತಿದ್ದವು. ಬಿಸಿಲು ಏರಿದಂತೆ ಮಂಜು ಎಳೆಎಳೆಯಾಗಿ ಬಿಟ್ಟಿತು. ನಾವು ದಂಡೆಯ ಮೇಲೆ ಕೂತೆವು. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಪೇಟೆ, ಕಾಟಾ, ಮನೆ ಎಲ್ಲ ಬೇರೆ ಯಾರದೋ ಬದುಕು ಅನಿಸುತ್ತಿತ್ತು. ನೇಕಾರ ನನ್ನ ಪಕ್ಕದಲ್ಲಿದ್ದ. "ಅಣ್ಣಾರ, ಇವು ಇಷ್ಟು ದೂರ ಬರೂವಾಗ ಯಾರೂ ತೂಕಾ ಕೇಳೂದಿಲ್ಲಲ್ರಿ" ಎಂದ. ಗಿರಣಿಯ ಪಂದ್ಯಕ್ಕೆ ಒಂದೇ ತಿಂಗಳಿತ್ತು.

ಅಷ್ಟರಲ್ಲಿ ಒಂದು ದೊಡ್ಡ ಬಾತು ಮೇಲೇಳಲು ಹೊರಟಿತು. ನೀರಿನ ಮೇಲೆ ಧಡಧಡ ಓಡಿ, ರೆಕ್ಕೆ ಬಡಿದು, ಬಹಳ ಕಷ್ಟಪಟ್ಟು ಎದ್ದಿತು. ಪಕ್ಕದಲ್ಲಿದ್ದ ಪುಟ್ಟ ಹಕ್ಕಿ ಪುರ್ರೆಂದು ನಿಂತಲ್ಲಿಂದಲೇ ಹಾರಿತು.

"ನೋಡಿದ್ರಿ? ಚಳಕಾ!" ಎಂದರು ಹವಾಲ್ದಾರರು.

"ಹಿಮಾಲಯಾ ದಾಟಿ ಬಂದದ್ದು ಯಾವುದ್ರಿ? ಆ ದೊಡ್ಡದು. ಮೈ!" ಎಂದರು ಉಸ್ತಾದರು.

ಜಗಳ ಹತ್ತಿತು. ದಂಡೆಯ ಮೇಲೆ ಹೊರಟಿದ್ದ ಒಬ್ಬ ರೈತನನ್ನು ನಿಲ್ಲಿಸಿ ನ್ಯಾಯ ಕೇಳಿದರು. "ನೀವು ದಿನಾ ನೋಡಾವ್ರು. ದೊಡ್ಡ ಹಕ್ಕಿ ಶಾಣ್ಯಾದೋ, ಸಣ್ಣದು ಶಾಣ್ಯಾದೋ?"

ಆತ ಹೆಗಲ ಮೇಲಿನ ಸಲಿಕೆ ಇಳಿಸಿ, ಇಬ್ಬರನ್ನೂ ನೋಡಿ, ಕೆರೆಯನ್ನೂ ನೋಡಿ ಹೇಳಿದ: "ಎರಡೂ ನನ್ನ ಕಡ್ಲಿ ತಿಂತಾವ್ರಿ. ಸಣ್ಣದು ತಿಂದದ್ದು ಗೊತ್ತಾಗೂದಿಲ್ಲ, ದೊಡ್ಡದು ತಿಂದದ್ದು ಗೊತ್ತಾಕ್ಕೈತಿ, ಇಷ್ಟ ಫರಕು."

೫. ಮುಂಡರಗಿಯ ಕಾಟಾ

ಗಿರಣಿಯ ಪಂದ್ಯ ಮುಂಡರಗಿಯಲ್ಲಿ. ಹತ್ತಿ ಇಳಿಸಲು ಹೊರಟ ಲಾರಿಯಲ್ಲಿ, ಅಂಡಿಗೆಗಳ ಮೇಲೆ ಅಂಗಾತ ಮಲಗಿ ಹೋದೆವು. ಮೇಲೆ ಆಕಾಶ, ಪಕ್ಕದಲ್ಲಿ ಕಪ್ಪತಗುಡ್ಡದ ಸಾಲು ನೀಲಿಯಾಗಿ ನಮ್ಮ ಜೊತೆಯಲ್ಲೇ ಬರುತ್ತಿತ್ತು. ನೇಕಾರ ಕಣ್ಣು ಮುಚ್ಚಿ ನಗುತ್ತಿದ್ದ. ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಕೇಳಿಸುತ್ತಿರಬೇಕು ಅಂದುಕೊಂಡೆ.

ಅಲ್ಲಿ ಗಿರಣಿಯ ಸಾಹೇಬರು ತಮ್ಮದೇ ಕಾಟಾ ತಂದಿದ್ದರು. ಗಡಿಯಾರದ ಹಾಗೆ ಮುಳ್ಳು ತಿರುಗುವಂಥದ್ದು, ಕೂಗುವವನು ಬೇಡ, ಎಲ್ಲರಿಗೂ ಕಾಣುತ್ತದೆ. ನೇಕಾರ ಎಂದಿನಂತೆ ಕಣ್ಣು ಮುಚ್ಚಿ ಏರಿದ. ಮುಳ್ಳು ತಿರುಗಿ ಐವತ್ತಾರೂವರೆಗೆ ನಿಂತಿತು.

"ಏನ ತಿಂದೀಲೇ?" ಎಂದು ಹವಾಲ್ದಾರರು ಕೂಗಿದರು.

"ನಿನ್ನಿಯಿಂದ ನೀರೂ ಮುಟ್ಟಿಲ್ರಿ!"

ಖಾನಾವಳಿಯವನನ್ನು ಏರಿಸಿದರು. ಹೋಳಿಗೆ ಕರಗಿಸಿ ಕರಗಿಸಿ ನನ್ನ ಕಾಟಾದಲ್ಲಿ ಐವತ್ತೇಳಕ್ಕೆ ಇಳಿದಿದ್ದವನು ಅರವತ್ತಾದ. ಉಸ್ತಾದರ ಜೊತೆ ನೋಡಲು ಬಂದಿದ್ದ ಪೈಲ್ವಾನನೂ ಏರಿದ. ಅವನೂ ಮೂರು ಹೆಚ್ಚು. "ಗುಡ್ಡದ ಗಾಳಿ ಜಡ ಐತಿ" ಎಂದರು ಯಾರೋ. "ಮುಂಡರಗಿ ನೀರ ಹಂಗ" ಎಂದರು ಇನ್ನೊಬ್ಬರು. ನಾನು ಮಾತ್ರ ನಿಂತಲ್ಲೇ ಬೆವತೆ. ಎಲ್ಲರಿಗೂ ಸರಿಯಾಗಿ ಮೂರೇ ಕಿಲೋ!

ಹತ್ತಿಯ ಅಂಡಿಗೆಗೆ ಸುತ್ತಿದ ಚೀಲದ ಬಾಬ್ತು ಮೂರು ಕಿಲೋ ಕಳೆದು ಕೂಗುವುದು ನಮ್ಮ ಪೇಟೆಯ ಪದ್ಧತಿ. ವರ್ಷಗಟ್ಟಲೆ ಕಳೆದು ಕಳೆದು ನನ್ನ ಬಾಯಿಗೆ ಅದು ಉಸಿರಾಟದಷ್ಟೇ ಸಹಜವಾಗಿತ್ತು. ಮೇಲೆ ನಿಂತದ್ದು ಹತ್ತಿಯೋ ಮನುಷ್ಯನೋ ಎಂದು ಅದು ಒಮ್ಮೆಯೂ ಕೇಳಿರಲಿಲ್ಲ. ನಾನು ತೇಲುವ ಎಳೆಗಳನ್ನು ನೋಡುತ್ತಾ, ಎರಡು ವರ್ಷ ಒಬ್ಬೊಬ್ಬ ಬಾಕ್ಸರನಿಂದಲೂ ಚೀಲದ ತೂಕ ಕಳೆದಿದ್ದೆ.

ಸಾಹೇಬರು ತಲೆಯಾಡಿಸಿದರು. "ನಮಗ ಬೇಕಾಗಿದ್ದು ಐವತ್ನಾಲ್ಕರಾಂವ. ಐವತ್ತೇಳರ ವರ್ಗಕ್ಕ ನಮ್ಮಾಂವ ಅದಾನ, ನೋಡ್ರಿ." ಅವರ ಆಳು ಪಕ್ಕದಲ್ಲೇ ಹಗ್ಗ ಜಿಗಿಯುತ್ತಿದ್ದ, ಭುಜ ಬಾಗಿಲಿನಷ್ಟು ಅಗಲ. ಹವಾಲ್ದಾರರು ಕೈಮುಗಿದು ಕೇಳಿಕೊಂಡ ಮೇಲೆ ಸಾಹೇಬರು ಒಂದು ಮಾತು ಕೊಟ್ಟರು: "ಇವನ ಜೋಡಿ ನಿಂತು ಗೆದ್ರ, ಇನ್ನೊಂದು ಜಾಗಾ ನಾ ಮಾಡಸ್ತೀನಿ."

"ಬ್ಯಾಡಲೇ, ವರ್ಗ ಏರೂದಂದ್ರ ಅಟ್ಟಾ ಏರಿದಂಗಲ್ಲ" ಎಂದರು ಉಸ್ತಾದರು. ಅವರ ದನಿಯಲ್ಲಿ ವಾದವಿರಲಿಲ್ಲ, ಹೆದರಿಕೆಯಿತ್ತು.

ಗವಸಿನ ದಾರ ಕಟ್ಟಲು ನೇಕಾರ ನನ್ನ ಮುಂದೆ ಕೈ ಚಾಚಿದ. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. "ತಮ್ಮಾ, ತಪ್ಪು ನಂದು. ನೀ ಎಂದೂ ಐವತ್ನಾಲ್ಕರಾಂವ ಆಗಿದ್ದೇ ಇಲ್ಲ. ನಾ ನಿನ್ನ ಚೀಲದ್ದು ಕಳದು ಕೂಗೀನಿ."

ಅವನು ಬಹಳ ಹೊತ್ತು ನನ್ನನ್ನೇ ನೋಡಿದ, ಮಗ್ಗದಲ್ಲಿ ಹರಿದ ಎಳೆ ಎಲ್ಲಿದೆಯೆಂದು ಹುಡುಕುವವನ ಹಾಗೆ.

"ಹಂಗಾರ ಖಾನಾವಳಿಯಾಂವ?"

"ಅಂವಾ ಐವತ್ತೇಳಲ್ಲ, ಅರವತ್ತು. ದಿನಾ ನೀ ಹೊಡದದ್ದು ಅರವತ್ತರಾಂವನ್ನ."

"ಮತ್ತ ಈ ಗಿರಣಿಯಾಂವ?"

"ಇಂವಾ ಖಾನಾವಳಿಯಾಂವನಕಿಂತ ಸಣ್ಣಾಂವ."

ನೇಕಾರ ನಕ್ಕ. ಇನ್ನೊಂದು ಕೈಯನ್ನೂ ಮುಂದೆ ಚಾಚಿದ. ಅವನು ಒಂದು ಗ್ರಾಮೂ ಏರದೆ ಒಂದು ವರ್ಗ ಏರಿದ್ದ!

ಮೊದಲ ಸುತ್ತಿನಲ್ಲಿ ಅವನ ತುಟಿ ಒಡೆಯಿತು. ಎರಡನೆಯದರಲ್ಲಿ ಕಾಲು ಹದಕ್ಕೆ ಬಂದವು. ಮಗ್ಗದ ಕೆಳಗಿನ ಮೆಟ್ಟು ತುಳಿಯುವಂತೆ ಒಂದಾದ ಮೇಲೊಂದು, ತಪ್ಪದೆ. ಆ ಅಗಲ ಭುಜದವನು ಹೊಡೆದಲ್ಲಿ ಇವನಿರಲಿಲ್ಲ. ಮೂರನೆಯದು ಮುಗಿದಾಗ ಪಂಚರು ಇವನ ಕೈ ಎತ್ತಿದರು. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ. ಅಷ್ಟು ಸುಖ ನನಗೆ ಯಾವ ಕನಸಿನಲ್ಲೂ ಸಿಕ್ಕಿರಲಿಲ್ಲ.

"ವರ್ಗ ಏರಿ ಗೆದ್ದ! ಚಳಕಾ!" ಎಂದು ಹವಾಲ್ದಾರರು ಟೋಪಿ ಹಾರಿಸಿದರು.

"ಮೂರು ಕಿಲೋ ಏರಿದ್ದಕ್ಕ ಗೆದ್ದ! ಮೈ!" ಎಂದು ಉಸ್ತಾದರು ತೊಡೆ ತಟ್ಟಿದರು.

ಕೈಕೈ ಹತ್ತುವಂತಿತ್ತು. ನಾನು ನಡುವೆ ನಿಂತು ಚೀಲದ ಕಥೆಯನ್ನು ಅವರಿಗೂ ಒಪ್ಪಿಸಿದೆ. ಹವಾಲ್ದಾರರು ಬಿದ್ದ ಟೋಪಿ ಎತ್ತಿಕೊಂಡರು. ಉಸ್ತಾದರ ಹುಬ್ಬು ಗಂಟಾಯಿತು.

"ಅಂದ್ರ ಆವತ್ತು ನಾನು..."

"ಎಂಬತ್ತೈದ ಇದ್ರಿ."

"ಈಗ?"

"ಎಂಬತ್ತೆಂಟ್ರಿ."

ಉಸ್ತಾದರು ಮೆಲ್ಲಗೆ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. "ಆ ಎಮ್ಮೀನ ನಾಳಿ ಮುಂಜಾನಿ ನಿನ್ನ ಮನಿ ಮುಂದ ಕಟ್ತೀನಿ" ಎಂದರು. "ಹೆಸರು ಹಿಡದು ಕರೀಬ್ಯಾಡ, ನನ್ನ ಹೆಂಡತಿ ಸಿಟ್ಟಿಗೇಳ್ತಾಳ."

ಅಷ್ಟರಲ್ಲಿ ಗಿರಣಿಯ ಸಾಹೇಬರು ನೌಕರಿಯ ಕಾಗದ ಹಿಡಿದು ಬಂದು ಮೇಜಿನ ಮುಂದೆ ಕೂತರು. ನೇಕಾರ ಒದ್ದೆ ತಲೆ, ಊದಿದ ತುಟಿಯಲ್ಲಿ ಎದುರು ನಿಂತ. ಹೆಸರು ಕೇಳಿದರು, ಹೇಳಿದ. ಊರು ಕೇಳಿದರು, ಹೇಳಿದ. ಸಾಹೇಬರು ಲೇಖಣಿ ಅದ್ದಿ, "ತೂಕಾ?" ಎಂದರು.

ನೇಕಾರ ಗುಂಪಿನಲ್ಲಿ ನನ್ನನ್ನು ಹುಡುಕಿ, ಬಹಳ ಮರ್ಯಾದೆಯಿಂದ ಕೇಳಿದ:

"ಅಣ್ಣಾರ, ಚೀಲಾ ಹಿಡದು ಹೇಳ್ಲ್ಯೋ, ಬಿಟ್ಟು ಹೇಳ್ಲ್ಯೋ?"